ಚೆಂಡು ಬಿಟ್ಟ ಮೇಲೂ ಹಿಡಿದ ಕೈ

ಕಳೆದ ಭಾನುವಾರ ಸಂಜೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆಯಿದು. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಮ್ಮ ಅಭಿ ತಾನು ಆಡಿದ ವಾಟರ್ ಪೋಲೊ (ಕೊಳದಲ್ಲಿ ಈಜುತ್ತ ಎದುರಾಳಿಯ ಗೋಲಿಗೆ ಚೆಂಡೆಸೆಯುವ ಆಟ) ಪಂದ್ಯದ ಚಿಕ್ಕದೊಂದು ವಿಡಿಯೊ ಹಾಕಿದ್ದ. ಕಾಗುಣಿತ ತಪ್ಪಿದರೆ ತಿದ್ದಿ ವಾಪಸು ಕಳಿಸುವ ಅತ್ತೆ ಗುಂಪಿನಲ್ಲಿರುವುದರಿಂದ ನಮ್ಮಲ್ಲಿ ಎಲ್ಲರೂ ಪೂರ್ತಿ ವಾಕ್ಯಗಳಲ್ಲೇ ಬರೆಯುತ್ತಾರೆ.

ತೀರ್ಥಹಳ್ಳಿ ದೊಡ್ಡಪ್ಪ, 5.12
ಅಭಿ, ನಿನ್ನ ವಿಡಿಯೊವನ್ನು ಮೂರು ಸಲ ನೋಡಿದೆ. ಹಿಂದಿನಿಂದ ಒಬ್ಬ ನಿನ್ನ ಹೆಗಲ ಮೇಲೆ ಬಿದ್ದು ಅದುಮಿದ್ದು, ನಿನ್ನ ತಲೆ ನೀರೊಳಗೆ ಹೋಗಿ ಒಂದು ಕೈ ಮಾತ್ರ ಮೇಲೆ ಉಳಿದದ್ದು, ದಡದಲ್ಲಿದ್ದ ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದದ್ದು ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ನಿಮ್ಮನ್ನೆಲ್ಲ ತುಂಗೆಗೆ ಇಳಿಸಿ ಈಜು ಕಲಿಸಿದವನು ನಾನು. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟುವ ಮೊದಲೇ ಹೇಳಿಕೊಟ್ಟದ್ದು ಒಂದೇ ಮಾತು: ನೀರಿನಲ್ಲಿ ಇನ್ನೊಬ್ಬರ ಮೈ ಹಿಡಿಯಬಾರದು. ಅದನ್ನೇ ಆಟ ಮಾಡಿಕೊಂಡರೆ ನಾನು ಒಪ್ಪಲಾರೆ.

ಅಭಿ, 5.20
ದೊಡ್ಡಪ್ಪ, ರೆಫರಿ ಸುಮ್ಮನಿದ್ದುದಕ್ಕೆ ಕಾರಣವಿದೆ. ಆಗ ಚೆಂಡು ನನ್ನ ಕೈಯಲ್ಲಿತ್ತು. ಚೆಂಡು ಹಿಡಿದವನನ್ನು ಹಿಡಿಯಬಹುದು, ಎಳೆಯಬಹುದು, ಮುಳುಗಿಸಲೂಬಹುದು. ಆದರೆ ಅವನು ಚೆಂಡನ್ನು ಬಿಟ್ಟ ಕ್ಷಣವೇ ಎದುರಾಳಿಯೂ ಅವನನ್ನು ಬಿಡಬೇಕು. ಚೆಂಡು ಕೈಯಿಂದ ಗೇಣುದ್ದ ಆಚೆ ತೇಲುತ್ತಿದ್ದರೆ ಅದು ಹಿಡಿದ ಲೆಕ್ಕವಲ್ಲ. ಆಗಲೂ ಎಳೆದರೆ ಅಥವಾ ಮುಳುಗಿಸಿದರೆ, ಹಾಗೆ ಮಾಡಿದವನನ್ನು ಸುಮಾರು 20 ಸೆಕೆಂಡು ಹೊರಗೆ ಹಾಕುತ್ತಾರೆ, ಏಳು ಜನರ ತಂಡ ಅಷ್ಟು ಹೊತ್ತು ಆರೇ ಜನರಲ್ಲಿ ಆಡುತ್ತದೆ. ಇಂಥ ಮೂರು ದೊಡ್ಡ ಫೌಲುಗಳಾದರೆ ಅವನ ಪಾಲಿಗೆ ಪಂದ್ಯವೇ ಮುಗಿಯಿತು. ಚೆಂಡನ್ನು ಬಿಟ್ಟಿದ್ದರೆ ನನಗೆ ಉಸಿರೂ ಸಿಗುತ್ತಿತ್ತು, ಫೌಲೂ ಸಿಗುತ್ತಿತ್ತು. ಗೋಲು ಹೊಡೆಯುವ ಆಸೆಗೆ ಬಿಡಲಿಲ್ಲ.

ಶಿವಮೊಗ್ಗ ಅತ್ತೆ, 5.31
ಅಣ್ಣ, ನಾನು ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ರೈಡಿಗೆ ಬಂದವಳ ಕಣಕಾಲು ಹಿಡಿದು ಕೆಡವಿದರೆ ನೀವೇ ಚಪ್ಪಾಳೆ ತಟ್ಟಿದವರು. ಅಲ್ಲಿಯೂ ಕೈಕಾಲು, ಮುಂಡ ಹಿಡಿಯಬಹುದು. ಬಟ್ಟೆ ಹಿಡಿಯುವಂತಿಲ್ಲ, ಕೂದಲು ಹಿಡಿಯುವಂತಿಲ್ಲ, ಉಸಿರು ಕಟ್ಟಿಸಲು ಬಾಯಿ ಮುಚ್ಚುವಂತಿಲ್ಲ. ಬಲಪ್ರಯೋಗ ಇದೆ ಎಂಬ ಕಾರಣಕ್ಕೆ ಆಟವನ್ನು ತಳ್ಳಿಹಾಕುವುದಾದರೆ ಮೊದಲು ನಮ್ಮ ಊರಿನ ಆಟವನ್ನೇ ತಳ್ಳಿಹಾಕಬೇಕು. ಇದು ನಮ್ಮವರಿಗೆ ಹೊಸತೂ ಅಲ್ಲ, 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ವಾಟರ್ ಪೋಲೊ ಚಿನ್ನ ಗೆದ್ದದ್ದು ಭಾರತವೇ.

ಸಾಗರದ ಭಾವ, 5.44
ಅತ್ತೆಯವರು ಕಬಡ್ಡಿಯ ಮಾತೆತ್ತಿದ್ದರಿಂದ ನಾನೂ ಒಂದು ಸಂಗತಿ ಹೇಳುತ್ತೇನೆ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ, ಡಿಸೆಂಬರ್ 6ರಂದು, ಹಂಗೆರಿ ಮತ್ತು ಸೋವಿಯತ್ ಒಕ್ಕೂಟ ಇದೇ ಆಟದಲ್ಲಿ ಎದುರಾದವು. ಹಂಗೆರಿ 4-0ರಿಂದ ಮುಂದಿದ್ದಾಗ, ಪಂದ್ಯ ಇನ್ನೇನು ಮುಗಿಯುತ್ತದೆ ಎನ್ನುವಷ್ಟರಲ್ಲಿ, ವ್ಯಾಲೆಂಟಿನ್ ಪ್ರೊಕೊಪೊವ್ ಎಂಬ ಸೋವಿಯತ್ ಆಟಗಾರ ಎರ್ವಿನ್ ಜಾಡೋರ್‌ನ ಮುಖಕ್ಕೆ ಗುದ್ದಿದ. ಕಣ್ಣಿನ ಬಳಿ ಸೀಳಿ ರಕ್ತ ಸುರಿಯುತ್ತ ಅವನು ನೀರಿನಿಂದ ಎದ್ದು ಬಂದ, ಪ್ರೇಕ್ಷಕರು ಕೊಳದ ಕಡೆಗೆ ನುಗ್ಗಿದರು, ಪಂದ್ಯವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ಇಂಥ ಆಟಕ್ಕೆ ಮಕ್ಕಳನ್ನು ಕಳಿಸುವ ಮೊದಲು ಯೋಚಿಸಬೇಕಲ್ಲವೇ?

ಶಿವಮೊಗ್ಗ ಅತ್ತೆ, 5.52
ಆ ಗುದ್ದಿಗೆ ಮೂಲ ಕೊಳದಲ್ಲಿರಲಿಲ್ಲ. ಕೆಲವೇ ವಾರಗಳ ಹಿಂದೆ ಸೋವಿಯತ್ ಟ್ಯಾಂಕುಗಳು ಹಂಗೆರಿಯ ರಾಜಧಾನಿ ಬುಡಾಪೆಸ್ಟಿನ ಬೀದಿಗಳಲ್ಲಿ ದಂಗೆಯನ್ನು ಹತ್ತಿಕ್ಕಿದ್ದವು. ಅದನ್ನು ಬಿಟ್ಟು ಆ ಪಂದ್ಯದ ಕಥೆ ಹೇಳಿದರೆ ಅರ್ಧವೇ ಹೇಳಿದಂತೆ. ಕೊನೆಯ ಪಂದ್ಯದಲ್ಲಿ ಹಂಗೆರಿ ಯುಗೊಸ್ಲಾವಿಯವನ್ನು 2-1ರಿಂದ ಸೋಲಿಸಿ ಚಿನ್ನ ಪಡೆಯಿತು, ಜಾಡೋರ್ ಮಾತ್ರ ಆ ಗಾಯದಿಂದಾಗಿ ಅದನ್ನು ಆಡಲಾಗಲಿಲ್ಲ. ಗುದ್ದುವುದು ಆಗಲೂ ತಂತ್ರವಾಗಿರಲಿಲ್ಲ, ಈಗಲೂ ಅಲ್ಲ.

ಅಭಿ, 5.55
ಹೌದು ಅತ್ತೆ, ಈಗ ಗುದ್ದಿದವನು ಪಂದ್ಯದಿಂದಲೇ ಹೊರಗೆ ಹೋಗುತ್ತಾನೆ, ಅವನ ತಂಡ 4 ನಿಮಿಷ ಒಬ್ಬರನ್ನು ಕಳೆದುಕೊಂಡು ಆಡಬೇಕು. ಪಂದ್ಯಕ್ಕೆ ಮೊದಲು ರೆಫರಿ ನಮ್ಮನ್ನು ಸಾಲಾಗಿ ನಿಲ್ಲಿಸಿ, ಅಂಗೈ ತಿರುಗಿಸಿ, ಉಗುರುಗಳನ್ನೂ ಸವರಿ ನೋಡುತ್ತಾರೆ.

ತೀರ್ಥಹಳ್ಳಿ ದೊಡ್ಡಪ್ಪ, 6.08
ಗುದ್ದಿನ ವಿಷಯ ಬಿಡಿ, ಅದು ಎಲ್ಲರಿಗೂ ಕಾಣುತ್ತದೆ. ನನ್ನ ಪ್ರಶ್ನೆ ಬೇರೆ. ಕಬಡ್ಡಿಯಲ್ಲಿ ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂಬುದನ್ನು ಅಂಕಣದ ಸುತ್ತ ನಿಂತವರೆಲ್ಲ ನೋಡುತ್ತಾರೆ. ಇಲ್ಲಿ ಎದೆಯಿಂದ ಕೆಳಗಿನ ದೇಹವೆಲ್ಲ ನೊರೆಯ ಕೆಳಗಿದೆ. ಕೊಳದ ಅಂಚಿನಲ್ಲಿ ನಡೆದಾಡುವ ಇಬ್ಬರು ರೆಫರಿಗಳಿಗೆ ನೀರೊಳಗಿನ ಕೈ ಹೇಗೆ ಕಾಣಬೇಕು? ಚೆಂಡು ಬಿಟ್ಟ ಕ್ಷಣವೇ ಕೈ ಬಿಡಬೇಕು ಎನ್ನುತ್ತೀಯೆ. ಬಿಟ್ಟನೋ ಇಲ್ಲವೋ ಎಂಬುದು ಹಿಡಿದವನಿಗೂ ಹಿಡಿಸಿಕೊಂಡವನಿಗೂ ಬಿಟ್ಟರೆ ಯಾರಿಗೆ ಗೊತ್ತು?

ಅಭಿ, 6.31
ಈ ಪ್ರಶ್ನೆಗೆ ಉತ್ತರ ಬರೆದು ಎರಡು ಸಲ ಅಳಿಸಿದೆ, ದೊಡ್ಡಪ್ಪ. ನೀವು ಹೇಳಿದ್ದು ನಿಜ. ನೀರಿನಲ್ಲಿ ನೆಲಕ್ಕೆ ಕಾಲೂರುವಂತಿಲ್ಲ, ಕಡೆಗೋಲು ತಿರುಗಿಸಿದ ಹಾಗೆ ಎರಡೂ ಕಾಲುಗಳನ್ನು ಸುತ್ತಿಸುತ್ತಲೇ ಇರಬೇಕು. ಸೆಂಟರ್ ಫಾರ್ವರ್ಡನ, ಅಂದರೆ ನಮ್ಮ ಗೋಲಿನ ಎದುರೇ ಚೆಂಡಿಗಾಗಿ ಕಾದಿರುವ ಎದುರಾಳಿಯ, ಬೆನ್ನಿಗೆ ಅಂಟಿಕೊಂಡು ಕಾಯುವವನು ತನ್ನ ಒಂದು ಕೈಯನ್ನು ಮೇಲೆತ್ತಿ ರೆಫರಿಗೆ ತೋರಿಸುತ್ತಿರುತ್ತಾನೆ, ತಾನು ಹಿಡಿದಿಲ್ಲ ಎನ್ನುವಂತೆ. ಇನ್ನೊಂದು ಕೈ ಕೆಳಗೆ ಎದುರಾಳಿಯ ಈಜುಡುಗೆಯ ಅಂಚನ್ನು ಹಿಡಿದಿರುತ್ತದೆ. ಅಷ್ಟು ಸಾಕು, ಅವನು ಎಷ್ಟು ಕಾಲು ಬಡಿದರೂ ಮೇಲೇಳಲಾರ, ಕೈಗೆ ಬಂದ ಪಾಸ್ ತಪ್ಪುತ್ತದೆ, ನೋಡುವವರಿಗೆ ಅವನೇ ಸುಸ್ತಾದಂತೆ ಕಾಣುತ್ತದೆ. ಬಿಗಿಯಾದ, ಜಾರುವ ಬಟ್ಟೆಯ ಉಡುಗೆ ಹಾಕುವುದು ಇದಕ್ಕಾಗಿಯೇ. ನೀವು ನೋಡಿದ ವಿಡಿಯೊದಲ್ಲಿ ನನ್ನನ್ನು ಮುಳುಗಿಸಿದವನು ನಿಯಮದೊಳಗೇ ಇದ್ದ. ಅದೇ ಪಂದ್ಯದ ಕೊನೆಯ ಎಂಟು ನಿಮಿಷಗಳಲ್ಲಿ ನಾನು ಕಾಯುವ ಜಾಗದಲ್ಲಿದ್ದೆ, ನಿಯಮದೊಳಗೆ ಇರಲಿಲ್ಲ. ಸೀಟಿ ಬರಲಿಲ್ಲ. ಆ ವಿಡಿಯೊವನ್ನು ನಾನು ಹಾಕಲಿಲ್ಲ.

ಸಾಗರದ ಭಾವ, 6.33
ಅದನ್ನು ಹೇಳಿಕೊಟ್ಟವರು ಯಾರು?

ಅಭಿ, 6.35
ಯಾರೂ ಬಾಯಿಬಿಟ್ಟು ಹೇಳಿಕೊಡಲಿಲ್ಲ ಭಾವ. ನನ್ನನ್ನು ಹಾಗೆ ಹಿಡಿದವರಿಂದ ಕಲಿತೆ.

ಶಿವಮೊಗ್ಗ ಅತ್ತೆ, 6.40
ಬಟ್ಟೆ ಹಿಡಿಯುವುದು ನನ್ನ ಆಟದಲ್ಲಿಯೂ ತಪ್ಪೇ, ಅಭಿ. ನಿನ್ನ ಪರವಾಗಿ ವಾದಿಸಿದ ನನಗೆ ಇದನ್ನು ಮೊದಲೇ ಹೇಳಬಹುದಿತ್ತು.

ತೀರ್ಥಹಳ್ಳಿ ದೊಡ್ಡಪ್ಪ, 6.52
ಆಡುವುದನ್ನು ಬಿಡು ಎಂದು ಈಗ ಹೇಳುವುದಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ. ನೀನು ಹಿಡಿದ ಹುಡುಗ ಯಾರು ಎಂಬುದು ನಿನಗೆ ನೆನಪಿದೆಯೇ?

ಅಭಿ, 6.53
ನೆನಪಿದೆ ದೊಡ್ಡಪ್ಪ. ನೀಲಿ ಟೋಪಿ, ಸಂಖ್ಯೆ 6. ಪಂದ್ಯ ಮುಗಿದ ಮೇಲೆ ಕೈ ಕುಲುಕುವಾಗ ಅವನು ನನ್ನ ಎಡಗೈಯನ್ನೇ ನೋಡುತ್ತಿದ್ದ.