ಪುಳಿಯೋಗರೆ ಪಂಚಾಯ್ತಿ

ನಮ್ಮ ಆಫೀಸಿನ ಗೆಳೆಯರ ಗುಂಪಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಮಂಡ್ಯ, ಗುಂಟೂರು, ಕುಂಭಕೋಣ, ಧಾರವಾಡ. ಊರೇ ಹೆಸರು. ಮೊನ್ನೆ ಮಧ್ಯಾಹ್ನ ಮೂರು ಡಬ್ಬಿ ಒಟ್ಟಿಗೆ ತೆರೆದರೆ ಮೂರರಲ್ಲೂ ಹುಣಸೆಹಣ್ಣಿನ ಅನ್ನ! ಒಂದು ಕಪ್ಪಗೆ, ಒಂದು ಕಂದು, ಒಂದು ಹಳದಿ.

ಹಳದಿ ಡಬ್ಬಿ ನೋಡಿದ್ದೇ ಮಂಡ್ಯ ಶುರು ಮಾಡಿದ. "ಗುಂಟೂರು, ಇದು ಚಿತ್ರಾನ್ನ ಕಣೋ."

"ಪುಳಿಹೋರ. ಅರಿಶಿನ ಇಲ್ದೆ ಹಬ್ಬದ ಅನ್ನ ಯಾರಾದ್ರೂ ಮಾಡ್ತಾರಾ?"

ಅವರ ಕಡೆ ಅನ್ನ ಹರವಿ, ಅರಿಶಿನ, ಎಣ್ಣೆ ಸವರಿ, ಹಸಿಮೆಣಸಿನಕಾಯಿ ಹಾಕಿ ಕುದಿಸಿದ ಹುಣಸೆ ರಸ ಕಲಸುತ್ತಾರೆ. ಕೆಲವು ಮನೆಗಳಲ್ಲಿ ಸಾಸಿವೆ ಅರೆದು ಸೇರಿಸುತ್ತಾರೆ. ತುತ್ತು ಬಾಯಿಗೆ ಹೋಗುತ್ತದೆ, ಖಾರ ಮೂಗಿಗೆ ಏರುತ್ತದೆ.

"ನಿಂಬೆಹಣ್ಣು ಹಿಂಡಿ ಮಾಡಿದ್ರೆ ಏನಂತೀರಿ?"

"ಅದೂ ಪುಳಿಹೋರನೇ. ಮಾವಿನಕಾಯಿದೂ ಪುಳಿಹೋರನೇ."

"ನೋಡ್ದಾ, ಚಿತ್ರಾನ್ನ ಅಂತ ಒಪ್ಕೊಂಡ!"

ಕುಂಭಕೋಣದ ತಕರಾರು ಬೇರೆ. ಮಂಡ್ಯದ ಡಬ್ಬಿಯಿಂದ ಒಂದು ತುತ್ತು ತಿಂದವಳು, "ಇಷ್ಟು ಬೆಲ್ಲ ಹಾಕೋ ಬದಲು ಪಾಯಸನೇ ಮಾಡಬಹುದಿತ್ತಲ್ವಾ?" ಅಂದಳು. ಕೊಬ್ಬರಿಯಂತೂ ಅವಳಿಗೆ ಸುತರಾಂ ಒಪ್ಪಿಗೆಯಿಲ್ಲ. ಪೆರುಮಾಳ್ ದೇವಸ್ಥಾನದ ಪುಳಿಯೋದರೈ ಅಂದರೆ ಹುಳಿ, ಇಂಗು, ಮೆಂತ್ಯ, ಧಾರಾಳ ಎಳ್ಳೆಣ್ಣೆ. ಅಷ್ಟೇ. "ರಾಮಾನುಜರು ನಮ್ಮ ಕಡೆಯಿಂದ ತಾನೇ ಮೇಲುಕೋಟೆಗೆ ಬಂದದ್ದು? ಅನ್ನಾನೂ ಅವರ ಜೊತೆನೇ ಬಂದಿರುತ್ತೆ."

"ಬಂದವರು 12 ವರ್ಷ ಯಾಕೆ ಉಳಿದ್ರು ಹೇಳು? ಇಲ್ಲಿ ಬೆಲ್ಲ ಸಿಕ್ತು, ಅದಕ್ಕೆ!"

ಇತಿಹಾಸಕಾರರು ಏನಂತಾರೋ, ಆಲೆಮನೆಯ ಜಿಲ್ಲೆಯವನ ಬಾಯಿಗೆ ಈ ಮಾತು ಒಪ್ಪುತ್ತದೆ. ನನ್ನ ವೋಟೂ ಅವನಿಗೇ. ಹುಣಸೆ ರಸ ಸಣ್ಣ ಉರಿಯಲ್ಲಿ ಕುದ್ದು, ಬೆಲ್ಲ ಕರಗಿ, ಗೊಜ್ಜು ಕಪ್ಪಾಗಿ, ಬಾಣಲೆಯ ಅಂಚಿಗೆ ಎಣ್ಣೆ ಬಿಡಬೇಕು. ಆಮೇಲೆ ಹುರಿದ ಕರಿ ಎಳ್ಳು, ಕೊಬ್ಬರಿ, ಮೆಣಸಿನ ಪುಡಿ ಬೀಳಬೇಕು. ಅನ್ನ ಪೂರ್ತಿ ಆರಿರಬೇಕು, ಇಲ್ಲದಿದ್ದರೆ ಕಲಸುವಾಗ ಮುದ್ದೆಯಾಗುತ್ತದೆ. ಕಲಸಿದ ತಕ್ಷಣ ತಿನ್ನುವವರ ಬಗ್ಗೆ ನನಗೆ ಅಂಥ ಗೌರವವೇನಿಲ್ಲ. ಉಪ್ಪು ಹುಳಿ ಹಿಡಿಯಲು ಒಂದೆರಡು ಗಂಟೆಯಾದರೂ ಬೇಕು. ಪ್ಯಾಕೆಟ್ ಪುಡಿಯವರನ್ನು ಈ ಪಂಚಾಯ್ತಿಗೆ ಸೇರಿಸಿಕೊಳ್ಳುವುದೇ ಇಲ್ಲ.

ಜಗಳ ಜೋರಾಗಿ ಅಕ್ಕಪಕ್ಕದ ಟೇಬಲ್ಲಿನವರೂ ತಿರುಗಿ ನೋಡತೊಡಗಿದರು. ಅಷ್ಟು ಹೊತ್ತೂ ಬಾಯಾಡಿಸುತ್ತ ಸುಮ್ಮನಿದ್ದ ಧಾರವಾಡ ಆಗ ತಲೆ ಎತ್ತಿದ.

"ಅಲ್ರೋ, ಇದಕ್ಕ ಉಳ್ಳಾಗಡ್ಡಿ ಹಾಕಂಗಿಲ್ಲೇನು? ನಮ್ಮ ಹಾಸ್ಟೆಲ್ ಮೆಸ್ಸಿನಾಗ ಹಾಕ್ತಿದ್ರು."

ಮೂರೂ ಊರು ಒಂದೇ ದನಿಯಲ್ಲಿ ಕಿರುಚಿತು. ಪ್ರಸಾದದ ಅನ್ನಕ್ಕೆ ಈರುಳ್ಳಿಯಾ! ಕುಂಭಕೋಣ ಕಿವಿ ಮುಚ್ಚಿಕೊಂಡಳು. ಬೆಲ್ಲ ಎಷ್ಟಾದರೂ ಇರಲಿ, ಅರಿಶಿನವೂ ಇರಲಿ, ಈರುಳ್ಳಿ ಮಾತ್ರ ಕೂಡದು ಅಂತ ಐದೇ ನಿಮಿಷದಲ್ಲಿ ಒಪ್ಪಂದ ಆಯಿತು. ಮಂಡ್ಯ, ಗುಂಟೂರು ಕೈಕೈ ಕುಲುಕಿದರು.

"ಹೋಗ್ಲಿ ಬಿಡ್ರಿ, ನಾ ಸುಮ್ನ ಕೇಳಿದ್ನಪ್ಪ," ಅಂತ ಧಾರವಾಡ ಕೈ ತೊಳೆಯಲು ಎದ್ದ.

ಆಮೇಲೆ ಡಬ್ಬಿ ನೋಡಿಕೊಂಡರೆ ಮೂರರಲ್ಲೂ ಅನ್ನ ಹಾಗೇ ಇತ್ತು. ಕಡಲೆಕಾಯಿ ಬೀಜ ಒಂದೂ ಇರಲಿಲ್ಲ.