ಹೊಳವು: ಮಳೆ ನಿಂತದ್ದಕ್ಕೋ, ಬೆಳಕು ಬಂದದ್ದಕ್ಕೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ಪದ ‘ಹೊಳವು’. ಮಲೆನಾಡಿನವರಿಗೆ ಇದು ಹೊಸದೇನಲ್ಲ. ‘ಒಂಚೂರು ಹೊಳವಾಗ್ಲಿ, ಆಮೇಲೆ ಹೊರಡಿ ಮಾರಾಯ್ರೆ’ ಅನ್ನುವುದು ಶಿವಮೊಗ್ಗ, ತೀರ್ಥಹಳ್ಳಿ ಕಡೆ ಮಳೆಗಾಲವಿಡೀ ಕಿವಿಗೆ ಬೀಳುವ ಮಾತು. ಬಯಲುಸೀಮೆಯ ಗೆಳೆಯರಿಗೆ ಹೇಳಿದರೆ ಮಾತ್ರ ‘ಹೊಳೆಗೂ ಇದಕ್ಕೂ ಏನ್ರೀ ಸಂಬಂಧ?’ ಎನ್ನುತ್ತಾರೆ. ನನ್ನ ಪ್ರಶ್ನೆ ಇಷ್ಟೇ. ಹೊಳವು ಎಂದರೆ ಎರಡು ಮಳೆಯ ನಡುವೆ ಸಿಗುವ ಸ್ವಲ್ಪ ಹೊತ್ತಿನ ಬಿಡುವು ಮಾತ್ರವೋ? ಅಥವಾ ಮಳೆಗಾಲ ಹಿಂದೆ ಸರಿದು ಬಿಸಿಲು ಬೀಳತೊಡಗುವ ಆಶ್ವಯುಜ, ಕಾರ್ತಿಕದ ದಿನಗಳಿಗೂ ಆ ಮಾತು ಸಲ್ಲುತ್ತದೋ?

ಈ ಪ್ರಶ್ನೆ ಸುಮ್ನೆ ಹುಟ್ಟಲಿಲ್ಲ. ಗೆಳತಿಯೊಬ್ಬರು ಇಂಗ್ಲೆಂಡಿನ ಒಂದು ಪುಟ್ಟ ಬರಹವನ್ನು ಕನ್ನಡಕ್ಕೆ ತರುತ್ತಿದ್ದಾರೆ. ಅದರಲ್ಲಿ ದೊಡ್ಡದೇನೂ ನಡೆಯುವುದಿಲ್ಲ. ಅಕ್ಟೋಬರ್ ತಿಂಗಳು. ಬರೆದವರು ಸೈಕಲ್ ತುಳಿಯುತ್ತಾ ಹೋಗುತ್ತಾರೆ. ದಾರಿ ತುಂಬ ಹಳದಿ ಎಲೆ. ಸಂಜೆ ಬೇಗ ಕತ್ತಲಾಗುತ್ತದೆ, ಮನೆಗೆ ಬಂದು ಪುಸ್ತಕ ಹಿಡಿಯುತ್ತಾರೆ. ಗೆಳತಿ ‘ಆಟಮ್’ ಬಂದ ಕಡೆಯಲ್ಲೆಲ್ಲ ‘ಶರತ್ಕಾಲ’ ಎಂದು ಹಾಕಿದ್ದಾರೆ. ತಿಂಗಳ ಲೆಕ್ಕಕ್ಕೆ ಅದು ಸರಿಯೇ. ಆದರೆ ‘ಶರತ್ಕಾಲದಲ್ಲಿ ಎಲೆಗಳೆಲ್ಲ ಉದುರಿ ಮರ ಬೋಳಾಗಿತ್ತು’ ಎಂಬ ಸಾಲು ಬಂದಾಗ ನನಗೆ ಮುಂದೆ ಹೋಗಲು ಆಗಲಿಲ್ಲ.

ನಮ್ಮಲ್ಲಿ ಶರತ್ಕಾಲಕ್ಕೆ ಎಲೆ ಎಲ್ಲಿ ಉದುರುತ್ತದೆ? ಆಶ್ವಯುಜದಲ್ಲಿ ಶಿವಮೊಗ್ಗ ಹತ್ತಿರದ ಶೆಟ್ಟಿಹಳ್ಳಿ ಕಾಡಿನ ಕಡೆ ಒಮ್ಮೆ ನೋಡಿ. ತೇಗ, ಮತ್ತಿ, ಹೊನ್ನೆ ಎಲ್ಲ ಮೈತುಂಬ ಎಲೆ ಹೊತ್ತು ನಿಂತಿರುತ್ತವೆ. ಅವು ಬೋಳಾಗುವುದು ಮಾಘ, ಫಾಲ್ಗುಣದ ಹೊತ್ತಿಗೆ, ಅಂದರೆ ಶಿಶಿರದಲ್ಲಿ. ಕಾರಣವೂ ಬೇರೆ. ಇಂಗ್ಲೆಂಡಿನಲ್ಲಿ ಹಗಲು ಗಿಡ್ಡವಾಗಿ ಚಳಿ ಏರಿದಂತೆ ಎಲೆಯ ಹಸಿರು ಕರಗುತ್ತದೆ, ಎಲೆ ಕಳಚುತ್ತದೆ. ಇಲ್ಲಿ ಮಣ್ಣಿನ ತೇವ ಆರಿದ ಮೇಲೆ ಮರ ತನ್ನ ನೀರು ಉಳಿಸಿಕೊಳ್ಳಲು ಎಲೆ ಬಿಡುತ್ತದೆ. ಘಟ್ಟದ ಕಾನಿನ, ಅಂದರೆ ನಿತ್ಯಹಸಿರು ಕಾಡಿನ, ಮರಗಳಂತೂ ಒಟ್ಟಿಗೆ ಬೋಳಾಗುವುದೇ ಇಲ್ಲ. ತರಗೆಲೆ ಗುಡಿಸಿ ಕೊಟ್ಟಿಗೆಗೆ ತರುವವರನ್ನು ಕೇಳಿ, ಅದು ಯಾವ ತಿಂಗಳ ಕೆಲಸ ಎಂದು ಅವರೇ ಹೇಳುತ್ತಾರೆ. ಹಾಗಾಗಿ ಆ ಬರಹದಲ್ಲಿ ‘ಎಲೆ ಉದುರುವ ಕಾಲ’ ಎಂದೇ ಇಡುವುದು ಒಳ್ಳೆಯದು ಎಂದೆ. ಉದ್ದವಾಯಿತು ಎಂದು ಅವರ ತಕರಾರು. ಇರಲಿ ಬಿಡಿ, ಉದ್ದವಾದರೂ ಸುಳ್ಳಾಗುವುದಿಲ್ಲ.

ಶರತ್ ಎಂಬ ಮಾತಿನ ಮೇಲೆ ನನಗೆ ಸಿಟ್ಟೇನೂ ಇಲ್ಲ. ಸಂಸ್ಕೃತದಲ್ಲಿ ಅದಕ್ಕೆ ವರ್ಷ ಎಂಬ ಅರ್ಥವೂ ಇದೆ. ‘ಶತಂ ಶರದಃ’ ಎಂದು ಆಶೀರ್ವಾದ ಮಾಡುವಾಗ ನೂರು ವರ್ಷ ಬಾಳು ಎಂದೇ ಹೇಳುವುದು. ಆದರೆ ನಮ್ಮ ಕೇರಿಯಲ್ಲಿ ಯಾರಾದರೂ ‘ಶರತ್ಕಾಲ ಶುರುವಾಯ್ತು ಕಣ್ರಿ’ ಅಂದದ್ದನ್ನು ಕೇಳಿದ್ದೀರಾ? ಜನ ಹೇಳುವುದು ಮಳೆಯ ಹೆಸರನ್ನು. ‘ಉತ್ತರೆ ಮುಗೀತು’, ‘ಹಸ್ತ ಹುಟ್ತು’, ‘ಚಿತ್ತೆ ಹಿಂಗೆ ಹೊಡೀತಿದೆ, ಸ್ವಾತಿ ಹೆಂಗೋ’. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಸೆಪ್ಟೆಂಬರ್ ನಡುವಿಗೆ ಉತ್ತರೆ ಹುಟ್ಟಿದರೆ ಸ್ವಾತಿ ಮುಗಿಯುವುದು ನವೆಂಬರ್ ಮೊದಲ ವಾರದಲ್ಲಿ. ಋತು ಎರಡು ತಿಂಗಳಷ್ಟು ಅಗಲ. ಮಳೆಯ ಹೆಸರು ಎರಡು ವಾರದಷ್ಟು ಕಿರಿದು. ಗದ್ದೆ, ತೋಟ ಇಟ್ಟುಕೊಂಡವರಿಗೆ ಕಿರಿದೇ ಬೇಕು.

ಈಗ ಹೊಳವಿಗೆ ಬರುತ್ತೇನೆ. ಮಳೆ ನಿಲ್ಲುವುದಕ್ಕೆ ನಮ್ಮಲ್ಲಿ ಹಲವು ಮಾತುಗಳಿವೆ, ಎಲ್ಲವೂ ಒಂದೇ ಅಲ್ಲ. ‘ಮಳೆ ನಿಂತಿತು’ ಎಂದರೆ ಹನಿ ಬೀಳುವುದು ನಿಂತಿತು, ಅಷ್ಟೇ. ಆಕಾಶ ಇನ್ನೂ ಕಪ್ಪಗೇ ಇರಬಹುದು. ‘ಮಳೆ ಬಿಟ್ಟಿತು’ ಎಂದರೆ ಕೆಲಸಕ್ಕೆ ಹೊರಡುವಷ್ಟು ಬಿಡುವಾಯಿತು. ‘ಮಳೆ ತೆರಪು ಕೊಟ್ಟಿತು’ ಎನ್ನುವುದೂ ಇದೆ, ಪತ್ರಿಕೆಗಳಲ್ಲಿ ಜಾಸ್ತಿ ಕಾಣುತ್ತದೆ. ಅದರಲ್ಲಿ ಇರುವುದು ನಡುವಿನ ಜಾಗದ ಎಣಿಕೆ. ‘ಹೊಳವಾಯಿತು’ ಎನ್ನುವಾಗ ಮಾತ್ರ ಜನ ತಲೆ ಎತ್ತಿ ಮೇಲೆ ನೋಡುತ್ತಾರೆ. ಮೋಡ ತೆಳುವಾಗಬೇಕು, ಅಂಗಳದಲ್ಲಿ ಬೆಳಕು ಏರಬೇಕು. ಬಿಸಿಲೇ ಬೀಳಬೇಕೆಂದಿಲ್ಲ. ಸಣ್ಣಗೆ ನಾಕು ಹನಿ ಉದುರುತ್ತಿದ್ದರೂ ಆಕಾಶ ಬೆಳ್ಳಗಾದರೆ ‘ಹೊಳವಾಯ್ತಲ್ಲ, ಹೊರಡಿ’ ಎನ್ನುತ್ತಾರೆ.

ಇದರ ಒಂದು ತೊಡಕು ನನಗೆ ಗೊತ್ತಾದದ್ದು ಸೈಕಲ್ ಮೇಲೆ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿ ಸಕ್ರೆಬೈಲಿನವರೆಗೆ, ಶಿವಮೊಗ್ಗದಿಂದ ಸುಮಾರು 14 ಕಿ.ಮೀ., ಬೆಳಗ್ಗೆ ಹೋಗಿ ಬರುವ ಅಭ್ಯಾಸ. ಹಸ್ತ, ಚಿತ್ತೆಯ ಬೆಳಗು ಅದಕ್ಕೆ ಹೇಳಿ ಮಾಡಿಸಿದ ಹೊತ್ತು. ಬಯಲಿನಲ್ಲಿ ರಸ್ತೆ ಆರಿ ಬೆಳ್ಳಗಾಗಿರುತ್ತದೆ. ಮರಗಳ ಕೆಳಗೆ ಹೊಕ್ಕ ಕೂಡಲೇ ಟಪ ಟಪ ಎಂದು ಹನಿ. ಕನ್ನಡಕ ತೊಯ್ಯುತ್ತದೆ. ರಸ್ತೆಯ ಅಂಚಿನಲ್ಲಿ ಹಾವಸೆ ಕಟ್ಟಿರುತ್ತದೆ, ಹಸಿರು ಅನ್ನುವುದಕ್ಕಿಂತ ಕಪ್ಪು, ಮೇಲೆ ತೆಳ್ಳಗೆ ನೀರು. ಮುಂದಿನ ಬ್ರೇಕು ಹಿಡಿದಿರೋ, ಗಾಲಿ ಅಡ್ಡಕ್ಕೆ ಜಾರುತ್ತದೆ. ಹಿಂದಿನದನ್ನೇ ಮೆಲ್ಲಗೆ ಹಿಡಿಯಬೇಕು. ಐವತ್ತು ಮಾರು ದಾಟಿದರೆ ಮತ್ತೆ ಒಣ ರಸ್ತೆ. ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬ ಗಾದೆ ಎಲ್ಲರಿಗೂ ಗೊತ್ತು, ಮುಗಿದ ಜಗಳದ ಬಗ್ಗೆ ಹೇಳುವಾಗ ಬಳಸುತ್ತೇವೆ. ಇಲ್ಲಿ ಅದು ಇದ್ದ ಹಾಗೇ ನಿಜ. ಹಾಗಾದರೆ ಆ ಮರದಡಿ ಹೊಳವೋ, ಅಲ್ಲವೋ? ಸಕ್ರೆಬೈಲಿನ ಚಹದಂಗಡಿಯಲ್ಲಿ ಕೇಳಿದೆ. ಅಂಗಡಿಯವರು ಕೊಟ್ಟ ಉತ್ತರ: ‘ಹೊಳವು ಆಗೋದು ಆಕಾಶಕ್ಕೆ ಸ್ವಾಮಿ, ಮರದ ಬುಡಕ್ಕೆ ಅಲ್ಲ.’ ಇದಕ್ಕಿಂತ ಚೆನ್ನಾದ ಅರ್ಥವಿವರಣೆ ನನಗೆ ಸಿಕ್ಕಿಲ್ಲ.

ಪದದ ಬೇರು ಯಾವುದು? ಕನ್ನಡದಲ್ಲಿ ಈಗ ಎರಡು ‘ಹೊಳೆ’ ಇವೆ, ಹುಟ್ಟು ಬೇರೆ ಬೇರೆ. ನೀರಿನ ಹೊಳೆ ಹಳಗನ್ನಡದಲ್ಲಿ ‘ಪೊೞೆ’, ಮಲಯಾಳದ ‘ಪುೞ’ ಅದರ ನಂಟ. ಮಿನುಗು ಎಂಬ ಅರ್ಥದ ಹೊಳೆ ‘ಪೊಳೆ’. ೞ ಅಕ್ಷರ ಬಳಕೆ ತಪ್ಪಿ ಳ ಆದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು. ನಮ್ಮ ಹೊಳವು ಎರಡನೆಯ ಹೊಳೆಯ ಕಡೆಯದು ಎಂದು ನನ್ನ ಎಣಿಕೆ. ಹೊಳಪು, ಹೊಳಹು ಇದ್ದಹಾಗೆ ಹೊಳವು. ‘ತೆರಹು’ ಇದ್ದದ್ದು ‘ತೆರವು’ ಆದಂತೆ ‘ಹೊಳಹು’ ಇದ್ದದ್ದು ‘ಹೊಳವು’ ಆಗಿರಬಹುದು. ಬಲ್ಲವರು ತಿದ್ದಬೇಕು. ಇದು ಸರಿಯಾದರೆ ಮಳೆ ಎಂಬ ಮಾತು ಆ ಪದದೊಳಗೆ ಇಲ್ಲವೇ ಇಲ್ಲ, ಬೆಳಕಷ್ಟೇ ಇದೆ. ಆಗ ದಿನಗಟ್ಟಲೆ ಇರುವ ಬೆಳಕಿಗೂ ಅದನ್ನು ಹೇಳಲು ಅಡ್ಡಿಯೇನು?

ಅಡಿಕೆ ತೋಟದವರು ಆಗಲೇ ಸ್ವಲ್ಪ ಆ ಕಡೆ ಸರಿದಿದ್ದಾರೆ ಎನ್ನಿಸುತ್ತದೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೆಯುವ ಕಾಲದಲ್ಲಿ ‘ಎರಡು ದಿನ ಹೊಳವು ಸಿಕ್ಕಿದ್ರೆ ಮುಗಿಸಿಬಿಡ್ತೀವಿ’ ಎನ್ನುತ್ತಾರೆ. ಔಷಧಿ ಗೊನೆಗೆ ಅಂಟಿ ಒಣಗಬೇಕಲ್ಲ, ಅರ್ಧ ಗಂಟೆಯ ಬಿಡುವು ಸಾಲದು. ಅವರ ಬಾಯಲ್ಲಿ ಹೊಳವು ದಿನದ ಲೆಕ್ಕಕ್ಕೆ ಬಂತು. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾದ ಮೇಲಂತೂ ಇನ್ನೂ ಉದ್ದದ ಬಿಸಿಲು ಬೇಕು. ಸುಲಿದು, ಚೊಗರಿನಲ್ಲಿ (ಅಡಿಕೆ ಬೆಂದ ಕೆಂಪು ನೀರಿನಲ್ಲಿ) ಬೇಯಿಸಿ, ಚಪ್ಪರದ ಮೇಲೆ ಹರವಿದ ಅಡಿಕೆಗೆ ಮಧ್ಯಾಹ್ನ ಮೂರು ಗಂಟೆಗೆ ಗುಡುಗು ಕೇಳಿದರೆ ಮನೆಮಂದಿಯೆಲ್ಲ ಓಡಬೇಕು. ‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಎನ್ನುವುದು ಇದಕ್ಕೇ. ಚಿತ್ತೆ ಮಳೆಗೆ ಕಣ್ಣಿಲ್ಲ. ಈ ಗದ್ದೆಗೆ ಸುರಿದು ಪಕ್ಕದ ಗದ್ದೆ ಬಿಟ್ಟು ಹೋಗುತ್ತದೆ. ಬೆಳಗ್ಗೆ ಬಿಸಿಲು ಕಾದು, ಹಸಿ ನೆಲದ ತೇವ ಮೇಲೇರಿ, ಮಧ್ಯಾಹ್ನಕ್ಕೆ ಅಲ್ಲಲ್ಲೇ ಮೋಡ ಕಟ್ಟುವುದರಿಂದ ಹೀಗೆ. ಆಷಾಢದ ಮಳೆಯಂತೆ ಊರಿಗೆಲ್ಲ ಒಟ್ಟಿಗೆ ಹಿಡಿಯುವ ಮಳೆಯಲ್ಲ ಅದು.

ಊರಿಂದ ಊರಿಗೂ ಅಳತೆ ಬದಲಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ. ಅಲ್ಲಿಂದ ಸುಮಾರು 90 ಕಿ.ಮೀ. ಈಚೆಗಿರುವ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಜುಲೈ ತಿಂಗಳಲ್ಲಿ ಆಗುಂಬೆಯವರು ಹೊಳವು ಎಂದು ಕೊಡೆ ಮಡಚಿದ ಹೊತ್ತನ್ನು ಶಿವಮೊಗ್ಗ ಪೇಟೆಯ ದುರ್ಗಿಗುಡಿಯವರು ಮಳೆ ಎಂದೇ ಕರೆಯಬಹುದು!

ಇದೇ ಜಾಡಿನ ಇನ್ನೊಂದೆರಡು ಪದ. ಹೊಳವಾದ ಇರುಳೇ ಇಬ್ಬನಿ ಬೀಳುವುದು. ಮೋಡ ಇಲ್ಲದಿದ್ದರೆ ನೆಲದ ಕಾವು ಮೇಲಕ್ಕೆ ಹೋಗಿಬಿಡುತ್ತದೆ, ಹುಲ್ಲು ತಣ್ಣಗಾಗಿ ಅದರ ಮೇಲೆ ಹನಿ ಕೂರುತ್ತದೆ. ಇಬ್ಬನಿಯ ‘ಬನಿ’ ಹಳಗನ್ನಡದ ಪನಿ, ಈಗಿನ ಹನಿ. ತಮಿಳಿನಲ್ಲಿ ಇದೇ ‘ಪನಿ’ಗೆ ಮಂಜು ಎಂದರ್ಥ. ನಮ್ಮಲ್ಲೂ ಕೆಲವರು ದಾರಿ ಕಾಣದಂತೆ ಮುಸುಕುವುದಕ್ಕೆ ಇಬ್ಬನಿ ಎನ್ನುತ್ತಾರೆ, ಕೆಲವರು ಮಂಜು, ಕೆಲವರು ಕಾವಳ. ನನಗೆ ಹುಲ್ಲಿನ ಮೇಲಿದ್ದರೆ ಇಬ್ಬನಿ, ಗಾಳಿಯಲ್ಲಿದ್ದರೆ ಮಂಜು. ಕಾವಳ ಎಂಬುದನ್ನು ಓದಿದ್ದೇನೆ, ಆಡಿಲ್ಲ.

ಇನ್ನು ಪುಸ್ತಕದ ಮೇಲೆ ಮಳೆಗಾಲದಲ್ಲಿ ಹತ್ತುವ ಬಿಳಿಯ ಪುಡಿ. ನಮ್ಮ ಮನೆಯಲ್ಲಿ ಅದು ‘ಬೂಷ್ಟು’. ಕೆಲವರು ‘ಬೂಸಲು’ ಎನ್ನುತ್ತಾರೆ. ‘ಬೂಜು’ ಎನ್ನುವವರೂ ಇದ್ದಾರೆ. ಹಸ್ತದಲ್ಲಿ ಚೆನ್ನಾಗಿ ಹೊಳವಾದ ದಿನ ಜಗಲಿಗೆ ಚಾಪೆ ಹಾಕಿ ಪುಸ್ತಕಕ್ಕೆ ಬಿಸಿಲು ತೋರಿಸುವುದು ನಮ್ಮ ರೂಢಿ. ‘ಬಿಸಿಲು ತೋರಿಸು’ ಎಂಬ ಈ ಮಾತು ನನಗೆ ಬಹಳ ಇಷ್ಟ, ಪುಸ್ತಕವೇ ಕಣ್ಣುಬಿಟ್ಟು ನೋಡಬೇಕು ಎಂಬ ಹಾಗೆ. ಹೀಗೆ ಒರೆಸಿಟ್ಟ ಪುಸ್ತಕ ಹಿಡಿದು ಕೂರುವಷ್ಟರಲ್ಲಿ ನವರಾತ್ರಿಯ ಸರಸ್ವತಿ ಪೂಜೆ. ಪುಸ್ತಕ ದೇವರ ಮುಂದೆ ಹೋದ ಮೇಲೆ ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ಚಿಕ್ಕಂದಿನಲ್ಲಿ ಇದಕ್ಕಿಂತ ಸುಖದ ನಿಯಮ ಬೇರೆ ಇರಲಿಲ್ಲ, ಈಗ ಒಂದೆರಡು ಕಾದಂಬರಿಯನ್ನು ಪೂಜೆಗೆ ಇಡದೆ ಉಳಿಸಿಕೊಳ್ಳುತ್ತೇನೆ.

ಗೆಳತಿಗೆ ಸದ್ಯ ಹೇಳಿರುವುದು ಇಷ್ಟು. ಇಂಗ್ಲೆಂಡಿನ ಅಕ್ಟೋಬರಿಗೆ ಹೊಳವು ಹಾಕಬೇಡಿ, ಅಲ್ಲಿ ಆ ತಿಂಗಳು ಬೆಳಕು ಕುಗ್ಗುತ್ತಾ ಹೋಗುತ್ತದೆ, ಅರ್ಥ ತಲೆಕೆಳಗಾಗುತ್ತದೆ. ಆದರೆ ನಮ್ಮ ಕಡೆಯ ಅಕ್ಟೋಬರ್ ಬಗ್ಗೆ ನೀವೇ ಬರೆಯುವಾಗ ‘ಹೊಳವಿನ ದಿನಗಳು’ ಎಂದು ಧೈರ್ಯವಾಗಿ ಬರೆಯಿರಿ. ಅವರ ಸಂದೇಹ, ಹಾಗೆ ಯಾರೂ ಆಡುವುದಿಲ್ಲವಲ್ಲ ಎಂದು.

ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ಸಾಗರ, ಸೊರಬ, ಹೊಸನಗರದವರು, ಅತ್ತ ಕೊಪ್ಪ, ಶೃಂಗೇರಿಯವರು ಹೊಳವನ್ನು ಒಂದು ದಿನಕ್ಕಿಂತ ಹೆಚ್ಚಿನ ಅವಧಿಗೆ ಬಳಸಿದ್ದನ್ನು ಕೇಳಿದ್ದೀರಾ? ಕೇಳಿದ್ದರೆ ಪೂರ್ತಿ ವಾಕ್ಯ ಬರೆಯಿರಿ, ಪದ ಮಾತ್ರ ಸಾಲದು. ಆಶ್ವಯುಜದ ಭೂಮಿ ಹುಣ್ಣಿಮೆಯ ಸುತ್ತ, ಭತ್ತ ಹಾಲುಗಟ್ಟುವಾಗ ಬೀಳುವ ಬಿಸಿಲಿಗೆ ನಿಮ್ಮ ಮನೆಯಲ್ಲಿ ಬೇರೆ ಹೆಸರೇನಾದರೂ ಇದ್ದರೆ ಅದನ್ನೂ ತಿಳಿಸಿ. ಹಾಗೆಯೇ ಬೂಷ್ಟೋ, ಬೂಸಲೋ ಎಂಬುದನ್ನೂ ಹೇಳಿಬಿಡಿ. ನಮ್ಮ ಮನೆಯಲ್ಲೇ ಇದಕ್ಕೆ ಎರಡು ಪಕ್ಷ ಆಗಿದೆ.