ಗೊತ್ತಿಲ್ಲದಿರುವುದನ್ನು ಮಾತಿನ ನಡುವೆ ಮುಚ್ಚಿಕೊಳ್ಳುವುದು ಹೇಗೆ?

ಪ್ರಶ್ನೆ:
ಇತಿಹಾಸ, ಭೂಗೋಳದ ಮಾತು ಬಂದಾಗಲೆಲ್ಲ ನಾನು ಎಲ್ಲವನ್ನೂ ಬಲ್ಲವನಂತೆ ತಲೆಯಾಡಿಸಿಬಿಡುತ್ತೇನೆ. ಕಳೆದ ವಾರ ಸಹೋದ್ಯೋಗಿಗಳ ನಡುವೆ ಸೂಯೆಜ್ ಕಾಲುವೆಯ ಪ್ರಸ್ತಾಪ ಬಂದಾಗ ಅಷ್ಟಕ್ಕೇ ನಿಲ್ಲದೆ, ನೀರು ತುಂಬಿಸಿ ಹಡಗುಗಳನ್ನು ಮೇಲಕ್ಕೆತ್ತುವ, ಲಾಕ್ ಎಂಬ ಬಾಗಿಲಿರುವ ಅಲ್ಲಿನ ಕಟ್ಟೆಗಳಿಂದಾಗಿಯೇ ಸಂಚಾರ ನಿಧಾನವಾಗುತ್ತದೆ ಎಂದೂ ಹೇಳಿದೆ. ಲಾಕ್‌ಗಳಿರುವುದು 1914ರಲ್ಲಿ ತೆರೆದ ಪನಾಮಾ ಕಾಲುವೆಯಲ್ಲಿ, 1869ರ ಸೂಯೆಜ್ ಕಾಲುವೆ ಸಮುದ್ರಮಟ್ಟದಲ್ಲೇ ಸಾಗುವುದರಿಂದ ಅಲ್ಲಿ ಒಂದೂ ಇಲ್ಲ ಎಂದು ಒಬ್ಬರು ಮೆಲ್ಲಗೆ ತಿದ್ದಿದರು. ಮುಖವೆಲ್ಲಿಡುವುದೆಂದು ತೋಚಲಿಲ್ಲ. ಇಂಥ ಕೊರತೆಯನ್ನು ಸಿಕ್ಕಿಬೀಳದಂತೆ ಮರೆಸುವ ಬಗೆ ಯಾವುದು?

ಉತ್ತರ 1:
ತಲೆಯಾಡಿಸಿ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ; ವಿವರ ಸೇರಿಸಲು ಹೋದದ್ದೇ ಎಡವಟ್ಟಾಯಿತು. ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಎಳೆಯನ್ನು ಹಿಡಿದು, ಅದರಿಂದಲೇ ಪ್ರಶ್ನೆಯೊಂದನ್ನು ಎತ್ತಿಕೊಳ್ಳಿ. ಆ ಕಾಲುವೆ ಇಲ್ಲದಿದ್ದರೆ ಯೂರೋಪಿನಿಂದ ಏಷ್ಯಾಕ್ಕೆ ಹೊರಟ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಬೇಕಾಗುತ್ತದಲ್ಲವೇ, ಅದಕ್ಕೆ ಎಷ್ಟು ದಿನ ಹೆಚ್ಚು ಹಿಡಿಯುತ್ತದೆ ಎಂದು ಕೇಳಿದ್ದರೆ, ಉತ್ತರಿಸುವ ಹೊಣೆ ಎದುರಿನವರಿಗೆ ಹೋಗುತ್ತಿತ್ತು, ನಿಮಗೂ ಒಂದಿಷ್ಟು ತಿಳಿಯುತ್ತಿತ್ತು.

ಉತ್ತರ 2:
ಸ್ಟಾವ್ ಅತೀರ್, ಎಮಿಲಿ ರೋಸೆನ್‌ಜ್ವೈಗ್ ಮತ್ತು ಡೇವಿಡ್ ಡನ್ನಿಂಗ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣಕಾಸಿನ ನಿಜವಾದ ಪದಗಳ ನಡುವೆ ಎಲ್ಲಿಯೂ ಇಲ್ಲದ ಕೆಲವು ಪದಗಳನ್ನು ಬೆರೆಸಿ, ಇವುಗಳಲ್ಲಿ ಯಾವುದು ಎಷ್ಟು ಗೊತ್ತು ಎಂದು ಜನರನ್ನು ಕೇಳಲಾಯಿತು. ಹಣಕಾಸನ್ನು ಚೆನ್ನಾಗಿ ಬಲ್ಲೆವೆಂದುಕೊಂಡವರೇ ಆ ಕಲ್ಪಿತ ಪದಗಳನ್ನೂ ಹೆಚ್ಚಾಗಿ ಬಲ್ಲೆವೆಂದರು. ಅವರೆಲ್ಲ ಬೇಕೆಂದೇ ಸುಳ್ಳಾಡಿದರೆಂದು ನನಗನ್ನಿಸುವುದಿಲ್ಲ. ಕಿವಿಗೆ ಪರಿಚಿತವೆನಿಸಿದ್ದನ್ನು ನಮ್ಮ ಮನಸ್ಸು ತಿಳಿವಳಿಕೆಯ ಲೆಕ್ಕಕ್ಕೆ ಸೇರಿಸಿಕೊಂಡುಬಿಡುತ್ತದೆ. ಅಂದು ನಿಮ್ಮೊಡನೆ ತಲೆಯಾಡಿಸಿದವರಲ್ಲಿ ಎಷ್ಟು ಮಂದಿಗೆ ಲಾಕ್‌ಗಳ ವಿಷಯ ತಿಳಿದಿತ್ತೋ!

ಉತ್ತರ 3:
ಮೊದಲ ಉತ್ತರವನ್ನು ನಾನು ಪೂರ್ತಿ ಒಪ್ಪಲಾರೆ. ಪ್ರತಿಸಲವೂ ಪ್ರಶ್ನೆಯ ಮರೆಯಲ್ಲಿ ನಿಂತರೆ ಅದೂ ಒಂದು ದಿನ ಬಯಲಾಗುತ್ತದೆ. ಹರಟೆಯಲ್ಲಿ ಏನನ್ನಾದರೂ ಮುಚ್ಚಿಕೊಳ್ಳಿ, ಆದರೆ ನಿಮ್ಮ ಮಾತನ್ನು ನಂಬಿ ಇನ್ನೊಬ್ಬರು ನಿರ್ಧಾರ ಕೈಗೊಳ್ಳುವ ಸಂದರ್ಭದಲ್ಲಿ ಗೊತ್ತಿಲ್ಲವೆಂದು ನೇರವಾಗಿ ಹೇಳುವುದೇ ಸರಿ.

ಪ್ರಶ್ನೆ ಕೇಳಿದವರು:
ನನ್ನನ್ನು ತಿದ್ದಿದವರ ಬಳಿಗೇ ಹೋಗಿ, ಪನಾಮಾದಲ್ಲಿ ಲಾಕ್‌ಗಳು ಏಕೆ ಬೇಕಾದವೆಂದು ಇಂದು ಕೇಳಿದೆ. ಆ ಕಾಲುವೆಯ ದಾರಿಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 26 ಮೀಟರ್ ಎತ್ತರದಲ್ಲಿರುವ ಗಾಟೂನ್ ಸರೋವರದಿಂದ ಆರಂಭಿಸಿ ಅವರು ಅರ್ಧ ಗಂಟೆ ಸಂತೋಷದಿಂದ ವಿವರಿಸಿದರು. ನಡುವೆ ಬಂದ ಎರಡು ಪದಗಳು ಅರ್ಥವಾಗದಿದ್ದರೂ ನಾನು ಮತ್ತೆ ತಲೆಯಾಡಿಸಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.